ನಗುತ್ತಾ ಬೈದ ಬೇಸಿಗೆ

ಬಜಪೆ

ನನ್ನನ್ನು ಅಮೇರಿಕಕ್ಕೆ ಕಳಿಸಿದ್ದು ನನ್ನ ಗಂಟಲು. ಆ ವರ್ಷ ನಮ್ಮ ಕಾನ್ವೆಂಟ್ ಶಾಲೆಗೆ ಅಮೇರಿಕದ ಸಿಸ್ಟರ್ ಒಬ್ಬರು ಬಂದಿದ್ದರು. ಅವರು ಮದರ್ ಜೊತೆ ಆಫೀಸಿನಲ್ಲಿ ಚಾ ಕುಡಿಯುತ್ತಿದ್ದಾಗ, ಜಗಲಿಯ ಆ ತುದಿಯ ಒಂದನೇ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದ ನಾನು "ಬಾಯಿ ಮುಚ್ಚಿ!" ಎಂದದ್ದು ಅಲ್ಲಿಗೆ ಕೇಳಿಸಿತಂತೆ. ಮಕ್ಕಳ ಜೊತೆಗೆ ಮದರ್ ಕೂಡ ಮಾತು ನಿಲ್ಲಿಸಿದರಂತೆ. ಆ ಸಿಸ್ಟರ್ ಕಪ್ಪನ್ನು ಕೆಳಗಿಟ್ಟು, "ನಮ್ಮಲ್ಲಿ ಬೇಸಿಗೆಗೆ ಸಣ್ಣ ಮಕ್ಕಳ ಒಂದು ಕ್ಯಾಂಪು ಉಂಟು. ಯಾರ ಮಾತನ್ನೂ ಕೇಳದ ಮಕ್ಕಳು. ಅಲ್ಲಿಗೆ ಇಂಥವರೊಬ್ಬರು ಬೇಕಿತ್ತು" ಎಂದರಂತೆ. ಮದರ್ ಕೂಡಲೇ ಒಪ್ಪಿದರು. ನನ್ನ ಗಂಟಲಿನಿಂದ ಸ್ವಲ್ಪ ಸಮಯ ಬಿಡುಗಡೆ ಸಿಕ್ಕಿದರೆ ಸಾಕು ಎಂದು ಅವರಿಗೂ ಇತ್ತೋ ಏನೋ.

ಕಾವೂರಿನ ನಮ್ಮ ಮನೆಯಲ್ಲಿ ಸುದ್ದಿ ಹೇಳಿದಾಗ ಪಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಮಾತು ಕೇಳದ ಮಕ್ಕಳನ್ನು ನೋಡಲಿಕ್ಕೆ ಅಮೇರಿಕದವರೆಗೆ ಯಾಕೆ ಹೋಗುವುದು? ಪಡೀಲಿನಲ್ಲಿ ನಿನ್ನ ಅಣ್ಣನ ಮನೆಗೆ ಹೋಗು, ಬಸ್ಸಿನಲ್ಲೇ ಹೋಗಬಹುದು" ಎಂದರು. ಅಣ್ಣನಿಗೆ ಸಿಟ್ಟು ಬಂತು. ಅವನ ಮಕ್ಕಳು ಆಗ ನಮ್ಮ ಮೇಜಿನ ಕೆಳಗೆ ಕೂತು ಬೆಕ್ಕಿಗೆ ಪಪ್ಪನ ಹಳೆಯ ಕನ್ನಡಕ ಹಾಕಲಿಕ್ಕೆ ನೋಡುತ್ತಿದ್ದವು.

ಬಜಪೆಯಿಂದ ವಿಮಾನ ಹತ್ತಿದೆ. ತಾಯಿ ಕಟ್ಟಿಕೊಟ್ಟ ಮಾವಿನ ಮಿಡಿಯ ಉಪ್ಪಿನಕಾಯಿ ಬಾಟ್ಲಿ ಬೊಂಬಾಯಿ ಮುಟ್ಟುವುದರೊಳಗೆ ಒಡೆದು ನನ್ನ ಒಳ್ಳೆಯ ಸೀರೆಗಳಿಗೆಲ್ಲ ಸ್ನಾನ ಮಾಡಿಸಿತ್ತು. ನ್ಯೂಯಾರ್ಕಿನ ಕಸ್ಟಮ್ಸಿನವನು ಪೆಟ್ಟಿಗೆ ತೆರೆದು, ಮೂಸಿ, ಎರಡು ಹೆಜ್ಜೆ ಹಿಂದೆ ಸರಿದ. "ಇದು ಔಷಧವಾ?" ಎಂದು ಕೇಳಿದ. ಹೌದು ಎಂದೆ. ಯಾವ ರೋಗಕ್ಕೆ ಎಂದು ಕೇಳಲಿಲ್ಲ. ಮುಚ್ಚಿ ಬೇಗ ಹೋಗಲಿಕ್ಕೆ ಹೇಳಿದ.

ಕ್ಯಾಂಪಿನ ಗೇಟು

ನ್ಯೂಯಾರ್ಕಿನಿಂದ ಪೆನ್ಸಿಲ್ವೇನಿಯದ ಗುಡ್ಡೆಗಳ ಕಡೆಗೆ ಬಸ್ಸಿನಲ್ಲಿ ಹೋಗಬೇಕಿತ್ತು. ಆ ಬಸ್ಸಿನ ಸಂಗತಿ ಎಂತ ಹೇಳುವುದು! ಒಂದು ನರಪಿಳ್ಳೆ ಮಾತಾಡುವುದಿಲ್ಲ. ನಮ್ಮ ಬಂಟ್ವಾಳದ ಬಸ್ಸಿನಲ್ಲಾದರೆ ಪಡೀಲು ದಾಟುವುದರೊಳಗೆ ನಾನು ಯಾರ ಮಗಳು, ಎಷ್ಟು ಕಲಿತಿದ್ದೇನೆ, ಇನ್ನೂ ಯಾಕೆ ಮದುವೆಯಾಗಲಿಲ್ಲ ಎಂಬುದೆಲ್ಲ ಪಕ್ಕದವಳಿಗೆ ಗೊತ್ತಾಗಿ, ಒಂದು ಸಂಬಂಧವೂ ಬಂದಿರುತ್ತದೆ. ಇಲ್ಲಿ ಪಕ್ಕದ ಹೆಂಗಸು ನನ್ನ ಸೀರೆಯನ್ನು ಓರೆಗಣ್ಣಿನಲ್ಲಿ ನೋಡುವುದು, ನಾನು ತಿರುಗಿದ ಕೂಡಲೇ ಕಿಟಕಿ ನೋಡುವುದು. ಪಾಪ, ಮಾತಾಡಲಿಕ್ಕೆ ನಾಚಿಕೆ ಇರಬೇಕು ಎಂದು ನಾನೇ ಶುರು ಮಾಡಿದೆ. "ನಿಮಗೆ ಎಷ್ಟು ಮಕ್ಕಳು?" ಎಂದೆ. ಅವಳು ಎದ್ದು ಬೇರೆ ಸೀಟಿಗೆ ಹೋದಳು.

ಕ್ಯಾಂಪಿಗೆ ಒಂದು ರೆಡ್ ಇಂಡಿಯನ್ ಹೆಸರಿಟ್ಟಿದ್ದರು. ಅದನ್ನು ಉಚ್ಚರಿಸಲಿಕ್ಕೆ ಅವರಿಗೇ ಬರುತ್ತಿರಲಿಲ್ಲ. ಆ ಊರಿನಲ್ಲಿದ್ದ ಜನರನ್ನು ಓಡಿಸಿ, ಅವರ ಹೆಸರನ್ನು ಮಾತ್ರ ಗೇಟಿನ ಮೇಲೆ ಚಂದದಲ್ಲಿ ಬರೆದಿದ್ದರು. ಗೇಟಿನ ಹತ್ತಿರ ಸಣ್ಣ ಮಕ್ಕಳ ಒಂದು ಗುಂಪು ತಲೆಗೆ ಕೋಳಿ ಗರಿ ಕಟ್ಟಿ ನಿಂತಿತ್ತು. ಈ ಸಲ ನಿಜವಾದ ಇಂಡಿಯನ್ ಬರುತ್ತಾರೆ ಎಂದು ಅವರಿಗೆ ಹೇಳಿ ಇಟ್ಟಿದ್ದರಂತೆ. ಬಸ್ಸಿನಿಂದ ಇಳಿದದ್ದು ಕೊಡೆ ಹಿಡಿದ, ಉಪ್ಪಿನಕಾಯಿ ವಾಸನೆಯ ನಾನು. ಒಬ್ಬ ಪೋರ ಮುಂದೆ ಬಂದು, "ನಿನ್ನ ಕುದುರೆ ಎಲ್ಲಿ?" ಎಂದ. ಕುದುರೆ ಇಲ್ಲ ಮಗಾ, ಬಸ್ಸಿನಲ್ಲಿ ಬಂದೆ ಎಂದೆ. ಅವನು ಕಾಲಿನ ಶೂ ತೆಗೆದು ನನಗೆ ಬಿಸಾಡಿದ.

ಕ್ಯಾಂಪಿನ ಯಜಮಾನರು ಓಡಿ ಬಂದು ನನ್ನ ಕೈ ಹಿಡಿದು ಕುಲುಕಿದರು. ನನ್ನ ಪಪ್ಪನ ಪ್ರಾಯದವರು, ಹಾಕಿದ್ದು ಮಾತ್ರ ಚಡ್ಡಿ. ತನ್ನನ್ನು ಬಾಬ್ ಎಂದು ಕರೆಯಬೇಕು ಎಂದರು. ಅಷ್ಟು ದೊಡ್ಡ ಗಂಡಸನ್ನು ನಾಯಿಯ ಹಾಗೆ ಬಾಬ್ ಎಂದು ಕರೆಯುವುದು ಹೇಗೆ? ನಾನು ಕೊನೆಯವರೆಗೂ ಬಾಬ್ ಸರ್ ಎಂದೇ ಕರೆದೆ. ನನ್ನ ಹೆಸರು ಕೇಳಿ ಅವರ ಮುಖ ಸಣ್ಣದಾಯಿತು.

"ಸ್ಟೆಲ್ಲಾ? ಅದು ಇಂಡಿಯನ್ ಹೆಸರಲ್ಲವಲ್ಲ."

"ನಾವು ಕ್ರಿಶ್ಚನರು, ಬಾಬ್ ಸರ್."

"ಓಹೋ! ಯಾವಾಗ ಕ್ರಿಶ್ಚನರಾದಿರಿ?"

"ನಿಮ್ಮ ದೇಶಕ್ಕೆ ಹೆಸರಿಡುವ ಮೊದಲೇ" ಎಂದೆ. ಅವರು ಬಹಳ ಹೊತ್ತು ನಕ್ಕರು. ಮತ್ತೆ ನನ್ನ ತಲೆಗೂ ಒಂದು ಗರಿಗಳ ಕಿರೀಟ ಇಟ್ಟು ಫೋಟೋ ತೆಗೆದರು. ಆ ಫೋಟೋದಲ್ಲಿ ನಾನು ಬಣ್ಣ ಹಚ್ಚುವ ಚೌಕಿಯಿಂದ ತಪ್ಪಿಸಿಕೊಂಡು ಬಂದ ಯಕ್ಷಗಾನದ ರಕ್ಕಸನ ಹಾಗೆ ಕಾಣುತ್ತೇನೆ. ಮನೆಗೆ ಕಳಿಸಲಿಲ್ಲ.

ನಗುವ ಪಾಠ

ಮರುದಿನ ನಮಗೆಲ್ಲ ತರಬೇತಿ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ನಮ್ಮಂಥವರಿಗೆ ಕೌನ್ಸಿಲರ್ ಎಂದು ಹೆಸರು. ನಮ್ಮೂರಿನಲ್ಲಿ ಕೌನ್ಸಿಲರ್ ಎಂದರೆ ಓಟಿಗೆ ನಿಂತು ಗೆದ್ದು ಮತ್ತೆ ಕಾಣದೆ ಹೋಗುವವರು. ಇಲ್ಲಿ ಕಾಣದೆ ಹೋಗುವ ಅವಕಾಶವೇ ಇಲ್ಲ, ಮೂರು ಹೊತ್ತೂ ಮಕ್ಕಳ ಜೊತೆಗೇ ಇರಬೇಕು.

ಬಾಬ್ ಸರ್ ನಿಯಮ ಹೇಳಿದರು. ಹೊಡೆಯಬಾರದು. ಒಳ್ಳೆಯದು, ಅದು ನನಗೂ ಒಪ್ಪಿಗೆ. ಗದರಿಸಬಾರದು. ಹೂಂ. "ಬೇಡ", "ಇಲ್ಲ", "ಕೂಡದು" ಎಂಬ ಶಬ್ದಗಳನ್ನು ಬಾಯಿಂದ ತೆಗೆಯಬಾರದು, ಅದರಿಂದ ಮಕ್ಕಳ ಮನಸ್ಸಿಗೆ ಗಾಯ ಆಗುತ್ತದೆ. ಮುಖದಲ್ಲಿ ಯಾವಾಗಲೂ ನಗು ಇರಬೇಕು. ಒಂದು ಮಗು ಕಲ್ಲು ಎತ್ತಿದರೆ "ಬಿಸಾಡಬೇಡ" ಎಂದು ಹೇಳುವುದಲ್ಲವಂತೆ. "ಕಲ್ಲಿಗೆ ನೆಲದ ಮೇಲೆ ಮಲಗಿರಲಿಕ್ಕೆ ಇಷ್ಟ" ಎಂದು ಹೇಳಬೇಕಂತೆ. ಒದ್ದರೆ? "ನಿನ್ನ ಕಾಲಿಗೆ ಈಗ ಬೇಸರ ಬಂದಿದೆ ಅಲ್ಲವಾ?" ಎಂದು ವಿಚಾರಿಸಬೇಕು. ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ತಲೆ ಅಲ್ಲಾಡಿಸುತ್ತಾ ಕೇಳುತ್ತಿದ್ದರು. ಸಂಜೆಯೊಳಗೆ ಅವರಲ್ಲೊಬ್ಬಳ ಹಣೆಗೆ ಕಲ್ಲು ಬಿದ್ದಿತ್ತು. ಕಲ್ಲಿಗೆ ನೆಲ ಅಷ್ಟೇನೂ ಇಷ್ಟವಿರಲಿಲ್ಲ ಎಂದು ಕಾಣುತ್ತದೆ. ಪಾಪದ ಹುಡುಗಿ, ರಕ್ತ ಒರೆಸುತ್ತಾ ನಗುತ್ತಿದ್ದಳು.

ಹಾಗಂತ ನಮ್ಮೂರೇ ವಾಸಿ ಎಂದು ಜಂಭ ಕೊಚ್ಚಿಕೊಳ್ಳುವ ಹಾಗೂ ಇಲ್ಲ. ನಮ್ಮಲ್ಲಿ ಇಂಥ ಮಕ್ಕಳೇ ಇಲ್ಲ ಎಂದು ಒಬ್ಬರು ಮೇಷ್ಟ್ರು ನನಗೆ ಹೇಳಿದ್ದರು. ಹೇಗೆ ಇರುತ್ತಾರೆ ಸ್ವಾಮಿ? ಪೋಕ್ರಿ ಎಂದು ಹೆಸರಿಟ್ಟು ಹಿಂದಿನ ಬೆಂಚಿಗೆ ಕಳಿಸುತ್ತೇವೆ. ಬೆತ್ತ ರುಚಿ ನೋಡಿದ ಮೇಲೆ ಅವರೇ ಒಂದು ದಿನ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಆಮೇಲೆ ಇನ್‌ಸ್ಪೆಕ್ಟರು ಬಂದು, ಕ್ಲಾಸು ಎಷ್ಟು ಶಾಂತವಾಗಿ ಉಂಟು ಎಂದು ಹೊಗಳುತ್ತಾರೆ.

ನನ್ನ ಪಾಲಿಗೆ ಬಂದ ಮಕ್ಕಳಲ್ಲಿ ಕುದುರೆ ಕೇಳಿದವನೂ ಇದ್ದ, ಅಂಗಿ ಹಾಕಿದ ಕೂಡಲೇ ಬಿಚ್ಚುವವನೂ ಇದ್ದ. ಎಲ್ಲರಿಗಿಂತ ಗಟ್ಟಿ ಜನ ಜೂಡಿ. ಆರು ವರ್ಷದ ಕಡ್ಡಿಯಂಥ ಹುಡುಗಿ, ಕೆಂಪು ಕೂದಲು. ಅವಳು ಕಚ್ಚುತ್ತಿದ್ದಳು. ಬಾಬ್ ಸರ್ ಅವರನ್ನೂ ಕಚ್ಚಿದ್ದಳು, ಅಡಿಗೆಯ ಮಾರ್ಥಾಳನ್ನೂ ಕಚ್ಚಿದ್ದಳು, ನೋಡಿದರೆ ಮೇಜಿನ ಕಾಲಿಗೂ ಗುರುತು ಇತ್ತು. ಆದರೆ ಮಾತಾಡುತ್ತಿರಲಿಲ್ಲ. ಕಿವಿ ಸರಿ ಇತ್ತು, ನಾಲಗೆ ಸರಿ ಇತ್ತು. ಮೊದಲು ಮಾತಾಡುತ್ತಿದ್ದಳಂತೆ, ಅಪ್ಪ ಮನೆ ಬಿಟ್ಟು ಹೋದ ಮೇಲೆ ನಿಲ್ಲಿಸಿಬಿಟ್ಟಳಂತೆ.

ಇದೆಲ್ಲ ನನಗೆ ಹೇಳಿದವಳು ಮಾರ್ಥಾ. ದೊಡ್ಡ ದೇಹದ, ದೊಡ್ಡ ಸೌಟಿನ ಹೆಂಗಸು, ಆ ಕ್ಯಾಂಪಿನಲ್ಲಿ ನಗದೆ ಮಾತಾಡುತ್ತಿದ್ದ ಒಬ್ಬಳೇ ಮನುಷ್ಯಳು. "ಬೇಸಿಗೆ ಮುಗಿಯುವಾಗ ದೊಡ್ಡ ಡಾಕ್ಟರು ಬರ್ತಾರೆ" ಎಂದಳು. "ಅಷ್ಟರೊಳಗೆ ಇವಳು ಮಾತಾಡಿದರೆ ಎಲ್ಲ ಮಕ್ಕಳ ಹಾಗೆ ಶಾಲೆಗೆ. ಮಾತಾಡದಿದ್ದರೆ ಸರ್ಕಾರದ ಆಸ್ಪತ್ರೆಗೆ. ಅಲ್ಲಿ ಬಾಗಿಲಿಗೆ ಹೊರಗಿನಿಂದ ಚಿಲಕ. ಒಳಗೆ ಹೋದ ಮಕ್ಕಳನ್ನು ನಾನು ನೋಡಿದ್ದೇನೆ, ಹೊರಗೆ ಬಂದವರನ್ನು ನೋಡಲಿಲ್ಲ."

ಕೆರೆಯ ದಂಡೆ

ಕ್ಯಾಂಪಿನ ಕೆಳಗೆ ಒಂದು ದೊಡ್ಡ ಕೆರೆ ಉಂಟು. ಅಲ್ಲಿ ಎಲ್ಲ ಸಣ್ಣ ಬಟ್ಟೆ ಹಾಕಿ ನೀರಿಗೆ ಹಾರುವುದು, ನಾನೊಬ್ಬಳು ಸೀರೆಯನ್ನು ಮೊಣಕಾಲಿಗೆ ಎತ್ತಿ ದಂಡೆಯಲ್ಲಿ ಕೂರುವುದು. ಒಂದು ದಿನ ಜೂಡಿ ಒದ್ದೆ ಮಣ್ಣು ಬಾಯಿಗೆ ಹಾಕಲಿಕ್ಕೆ ಹೊರಟಳು. ನಾನು ಕೈ ಹಿಡಿದೆ. ಹಿಡಿದದ್ದೇ ತಡ, ಕಚಕ್ಕನೆ ನನ್ನ ಮಣಿಕಟ್ಟಿಗೆ ಬಾಯಿ ಹಾಕಿದಳು. ಜೀವ ಬಾಯಿಗೆ ಬಂತು. ದೂರದಲ್ಲಿ ಬಾಬ್ ಸರ್ ನನ್ನನ್ನೇ ನೋಡುತ್ತಾ, ನಗಬೇಕು ಎಂದು ತನ್ನ ಬಾಯಿಯನ್ನು ಎರಡು ಬೆರಳಿನಲ್ಲಿ ಅಗಲ ಮಾಡಿ ತೋರಿಸುತ್ತಿದ್ದರು.

ನಕ್ಕೆ. ಹಲ್ಲು ಕಿರಿದೆ. ಆದರೆ ನನ್ನ ಒಂದು ತಾಪತ್ರಯ ಏನೆಂದರೆ, ನಾನು ಮನೆಯಲ್ಲಿ ಮಾತಾಡುವುದು ಕೊಂಕಣಿ, ದೇವರ ಹತ್ತಿರ ಲ್ಯಾಟಿನ್, ಅಂಗಡಿಯಲ್ಲಿ ತುಳು. ಮಕ್ಕಳನ್ನು ಬೈಯುವುದು ಮಾತ್ರ ಕನ್ನಡದಲ್ಲಿ. ಶಾಲೆಯಲ್ಲಿ ಅಭ್ಯಾಸವಾಗಿ ಹೋಗಿದೆ. ಇಂಗ್ಲಿಷಿನಲ್ಲಿ ಗದರಿಸಬಾರದು ಎಂದು ಬಾಬ್ ಸರ್ ಹೇಳಿದ್ದರು. ಕನ್ನಡದ ವಿಷಯ ಅವರು ಎತ್ತಿರಲಿಲ್ಲ. ಹಾಗಾಗಿ ಬಾಯಿ ತುಂಬ ನಗುತ್ತಾ, ಜೋಗುಳದ ರಾಗದಲ್ಲಿ ಶುರು ಮಾಡಿದೆ.

"ಎಂತ ಮಾರಾಯ್ತಿ! ನಾನೆಂತ ಹಲಸಿನ ಹಪ್ಪಳವಾ ನಿನಗೆ? ಬಿಡು! ನಾಚಿಕೆ ಉಂಟಾ ನಿನಗೆ? ಮಣ್ಣು ತಿಂತಾಳಂತೆ, ಮೇಲಿಂದ ಟೀಚರಿನ ಕೈ ಬೇರೆ! ಬಿಡ್ತೀಯಾ ಇಲ್ಲವಾ?"

ಜೂಡಿ ಬಿಟ್ಟಳು. ಬಿಟ್ಟು ನನ್ನ ಮುಖ ನೋಡಿದಳು. ಇಷ್ಟು ದಿನ ಎಲ್ಲರೂ ಒಂದೇ ಸಿಹಿ ರಾಗದಲ್ಲಿ ಅವಳಿಗೆ ಸುಳ್ಳು ಹೇಳಿದ್ದರು, ನೀನು ಕಚ್ಚಿದ್ದು ನೋಯಲಿಲ್ಲ ಎಂದು. ನನಗೆ ನೋಯಿತು, ನಾನು ಹೇಳಿದೆ. ಭಾಷೆ ಅವಳಿಗೆ ಅರ್ಥವಾಗದಿದ್ದರೂ ಸಿಟ್ಟು ಅರ್ಥವಾಗಿತ್ತು. ಆ ದಿನದಿಂದ ಅವಳು ನನ್ನ ಸೆರಗು ಬಿಡಲಿಲ್ಲ.

ಬಾಬ್ ಸರ್ ಓಡುತ್ತಾ ಬಂದರು, ಕಣ್ಣಲ್ಲಿ ನೀರು. "ಎಷ್ಟು ಮೃದು! ಅದೇನು ಹೇಳಿದಿರಿ ಮಗುವಿಗೆ?"

ಏನೆಂದು ಹೇಳಲಿ? "ಅದು ನಮ್ಮೂರಿನ ಒಂದು ಹಳೆಯ ಆಶೀರ್ವಾದ" ಎಂದೆ.

ನನ್ನ ಗ್ರಹಚಾರ! ಮರುದಿನ ಬೆಳಿಗ್ಗೆ ಧ್ವಜ ಏರಿಸುವಾಗ ಬಾಬ್ ಸರ್ ಎಲ್ಲ ಕೌನ್ಸಿಲರುಗಳನ್ನು ಸಾಲಾಗಿ ನಿಲ್ಲಿಸಿದರು. ಎದೆಗೆ ಕೈ ಇಟ್ಟು, ಕಣ್ಣು ಮುಚ್ಚಿ, ಅಷ್ಟೂ ಜನ ಬಿಳಿಯರು ಒಂದೇ ಸ್ವರದಲ್ಲಿ "ಎಂತಾ ಮರಾಯ್ಟೀ, ಎಂತಾ ಮರಾಯ್ಟೀ" ಎಂದು ನಮ್ಮ ದೇಶದ ಆಶೀರ್ವಾದವನ್ನು ಮಕ್ಕಳ ಮೇಲೆ ಸುರಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತೆ. ಭಕ್ತಿಯಿಂದ ಅಳುತ್ತಿದ್ದೇನೆ ಎಂದು ತಿಳಿದು ಒಬ್ಬಳು ನನ್ನ ಬೆನ್ನು ತಟ್ಟಿದಳು.

ಆಮೇಲೆ ದಿನವಿಡೀ ನನ್ನ ಕನ್ನಡ ಹೊಳೆಯ ಹಾಗೆ ಹರಿಯಿತು. ಜೂಡಿ ಚಮಚ ಎತ್ತಿದರೆ "ಬಿಸಾಡ್ಬೇಡ". ಕೂದಲು ಬಾಚುವಾಗ "ಅಲುಗಾಡ್ಬೇಡ". ಕೆರೆಗೆ ಹೊರಡುವಾಗ ಕೈ ಹಿಡಿದು, ನಮ್ಮೂರಿನವರು ಹೋಗೋಣ ಎನ್ನಲಿಕ್ಕೆ ಹೇಳುವ "ಹೋಗುವ". ಮುಷ್ಟಿ ಮುಚ್ಚಿಕೊಂಡು ಬಂದರೆ "ಒಳಗೆ ಎಂತ ಉಂಟು? ತೋರಿಸು" ಎನ್ನುವುದು. ಕಪ್ಪೆಯೋ ಜೀರುಂಡೆಯೋ ಇದ್ದರೆ ಹಾರುತ್ತಿತ್ತು. ಇಲ್ಲದಿದ್ದರೆ ಅಂಗೈ ಬಿಡಿಸಿ ತೋರಿಸುತ್ತಿದ್ದಳು. "ಎಂತ ಇಲ್ಲ" ಎಂದು ನಾನೇ ಅವಳ ಪರವಾಗಿ ಹೇಳಿ ಮುಗಿಸುತ್ತಿದ್ದೆ.

ಊಟದ ಹಾಲ್

ಅವರ ಬೆಳಗಿನ ಗಂಜಿಯ ವಿಷಯ ಹೇಳದಿದ್ದರೆ ಪಾಪ ಸುತ್ತೀತು. ಓಟ್ಸ್ ಎಂಬ ಒಂದು ಧಾನ್ಯವನ್ನು ಪೇಪರ್ ಅಂಟಿಸುವ ಗೋಂದಿನ ಹದಕ್ಕೆ ಬೇಯಿಸಿ, ಅದಕ್ಕೆ ಸಕ್ಕರೆ ಹಾಕಿ ತಿನ್ನುತ್ತಾರೆ. ಗಂಜಿಗೆ ಸಕ್ಕರೆ ಮಾರಾಯ್ರೆ! ಒಂದು ತುಂಡು ಒಣಮೀನಿಲ್ಲ, ಉಪ್ಪಿನಕಾಯಿ ಇಲ್ಲ, ಚಟ್ನಿ ಇಲ್ಲ. ನಾನು ಪ್ರತಿದಿನ ಅದನ್ನು ನೋಡಿ "ಎಂತದಿದು ಮಾರಾಯ್ತಿ" ಎಂದು ನಿಟ್ಟುಸಿರು ಬಿಟ್ಟೇ ತಿನ್ನುತ್ತಿದ್ದದ್ದು. ಮಾರ್ಥಾ ಅದನ್ನೂ ಆಶೀರ್ವಾದ ಎಂದೇ ತಿಳಿದಿದ್ದಳು.

ಒಂದು ಬೆಳಿಗ್ಗೆ ಮಾರ್ಥಾ ಜೂಡಿಯ ತಟ್ಟೆಗೆ ಒಂದು ಸೌಟು ಬಡಿಸಿದಳು. ಜೂಡಿ ತಟ್ಟೆಯನ್ನು ನೋಡಿದಳು. ಆಮೇಲೆ ಮುಖದಲ್ಲಿ ನನ್ನದೇ ಆ ಕಳ್ಳ ನಗು ತಂದುಕೊಂಡು, ಸ್ಪಷ್ಟವಾಗಿ, "ಎಂತದಿದು ಮಾರಾಯ್ತಿ?" ಎಂದು ಕೇಳಿದಳು.

ಮಾರ್ಥಾಳ ಕೈಯಿಂದ ಸೌಟು ಬಿತ್ತು. ಬಾಬ್ ಸರ್ ಕುರ್ಚಿಯನ್ನು ಕೆಡವಿಕೊಂಡು ಎದ್ದು ಬಂದು, ಇನ್ನೊಂದು ಚಮಚ ಗಂಜಿಯನ್ನು ಅವಳ ಬಾಯಿಯ ಹತ್ತಿರ ಹಿಡಿದು "ಇನ್ನೊಮ್ಮೆ ಹೇಳು ಚಿನ್ನಾ" ಎಂದರು.

"ಬೇಡ ಮಾರಾಯ" ಎಂದಳು ಜೂಡಿ.

ಅವರಿಗೆಲ್ಲ ಅದು ಬರೇ ಸದ್ದು. ನಾನು ಟೀಚರ್, ನನ್ನ ಕಿವಿ ವ್ಯಾಕರಣ ಕೇಳುತ್ತದೆ. ಮಾರ್ಥಾ ಹೆಂಗಸು, ಅವಳಿಗೆ ಮಾರಾಯ್ತಿ. ಬಾಬ್ ಸರ್ ಗಂಡಸು, ಅವರಿಗೆ ಮಾರಾಯ. ನಾನು ಹುಡುಗರನ್ನು ಬೈಯುವಾಗ ಒಂದು, ಅವಳನ್ನು ಬೈಯುವಾಗ ಇನ್ನೊಂದು, ಇಷ್ಟನ್ನೂ ಆ ಮಗು ಮೂಲೆಯಲ್ಲಿ ಕೂತು ಗಮನಿಸಿ ಲೆಕ್ಕ ಹಾಕಿತ್ತು. ನಮ್ಮ ಶಾಲೆಯ ಮೂರನೇ ಕ್ಲಾಸಿನಲ್ಲಿ ಲಿಂಗ ಪ್ರಯೋಗ ಇಷ್ಟು ಸರಿಯಾಗಿ ಬರುವುದಿಲ್ಲ. ನಾನು ಅವಳನ್ನು ಎತ್ತಿಕೊಂಡು ಜೋರಾಗಿ ಅತ್ತುಬಿಟ್ಟೆ, ಗಂಟಲಿದ್ದಷ್ಟೂ. ಇಂಗ್ಲಿಷಿನಲ್ಲಿ ಎಲ್ಲರೂ ಅವಳನ್ನು ಪರೀಕ್ಷೆ ಮಾಡಿ ಆಗಿತ್ತು. ಕನ್ನಡದಲ್ಲಿ ಅವಳು ಇನ್ನೂ ಫೇಲಾಗಿರಲಿಲ್ಲ.

ಡಾಕ್ಟರರ ಕೋಣೆ

ದೊಡ್ಡ ಡಾಕ್ಟರು ಬಂದರು. ಪೈಪು ಸೇದುವ ಉದ್ದನೆಯ ಮನುಷ್ಯ. ಮಾತಾಡುವಾಗ ನಮ್ಮ ತಲೆಯ ಮೇಲಿನ ಗೋಡೆಯನ್ನು ನೋಡುವ ಅಭ್ಯಾಸ. ಬಾಬ್ ಸರ್ ಸಂತೋಷದಲ್ಲಿ ಎಲ್ಲವನ್ನೂ ಹೇಳಿದರು. ಡಾಕ್ಟರು ಪೈಪು ತೆಗೆಯದೆ ಹೇಳಿದರು, "ಇದು ಮಾತಲ್ಲ. ಗಿಳಿಪಾಠ. ಈ ಹೆಂಗಸು ಹೇಳಿದ ಮಂತ್ರವನ್ನು ಮಗು ಒಪ್ಪಿಸುತ್ತಿದೆ. ಪರಿಸ್ಥಿತಿ ನಾನು ತಿಳಿದದ್ದಕ್ಕಿಂತ ಕೆಟ್ಟದಾಗಿದೆ. ಆಸ್ಪತ್ರೆಯೇ ಸರಿ."

"ಮಂತ್ರ ಅಲ್ಲ ಸರ್, ಅದು ಕನ್ನಡ ಭಾಷೆ!"

"ಇವರು ಹಿಂದೆ ಆಶೀರ್ವಾದ ಎಂದಿದ್ದರು" ಎಂದರು ಬಾಬ್ ಸರ್, ಪಾಪ, ಸಹಾಯ ಮಾಡುವ ಮನಸ್ಸಿನಿಂದಲೇ.

"ಆಶೀರ್ವಾದ ಅಲ್ಲ. ನಾನು ಬೈದದ್ದು" ಎಂದೆ.

ಬಾಬ್ ಸರ್ ಅವರ ಮುಖ ಬೆಳ್ಳಗಾಯಿತು. ಇಷ್ಟು ದಿನ ಬೆಳಿಗ್ಗೆ ಎದೆಗೆ ಕೈ ಇಟ್ಟು ಹಾಡಿದ್ದು ನೆನಪಾಗಿರಬೇಕು. ಡಾಕ್ಟರು ಮೊದಲ ಸಲ ಗೋಡೆ ಬಿಟ್ಟು ನನ್ನನ್ನು ನೋಡಿದರು. "ನಿನ್ನೆ ಆಶೀರ್ವಾದ, ಇವತ್ತು ಬೈಗುಳ. ನಾಳೆ ಏನಾಗುತ್ತದೆ? ಈ ಭಾಷೆ ಗೊತ್ತಿರುವ ಇನ್ನೊಬ್ಬರು ಇಲ್ಲಿ ಇದ್ದಾರಾ?"

ಎಲ್ಲಿಂದ ತರಲಿ? ಮಂಗಳೂರಿನಲ್ಲಾದರೆ ಬೀದಿಗೆ ಹೋಗಿ ಕೂಗಿದರೆ ನೂರು ಜನ ಸಾಕ್ಷಿಗೆ ಬರುತ್ತಿದ್ದರು, ಸಂಗತಿ ಏನೆಂದು ಗೊತ್ತಿಲ್ಲದವರೇ ಮುಂದೆ ನಿಲ್ಲುತ್ತಿದ್ದರು. ಆ ಗುಡ್ಡೆಯಲ್ಲಿ ಕನ್ನಡ ಬರುವವರು ನಾನು ಮತ್ತು ಜೂಡಿ, ಇಬ್ಬರೇ. ನಾನು ಸುಳ್ಳಿ, ಅವಳು ಹುಚ್ಚಿ.

"ಹಾಗಾದರೆ ಪರೀಕ್ಷೆ ಮಾಡಿ ಸರ್" ಎಂದೆ. "ನನ್ನನ್ನು ಪರದೆಯ ಹಿಂದೆ ಕೂರಿಸಿ. ಪೆಟ್ಟಿಗೆಯಲ್ಲಿ ಏನಾದರೂ ಇಟ್ಟು ಅವಳಿಗೆ ತೋರಿಸಿ. ನಾನು ಕನ್ನಡದಲ್ಲಿ ಕೇಳ್ತೇನೆ, ಅವಳು ಹೇಳಿದ್ದನ್ನು ನಿಮಗೆ ಇಂಗ್ಲಿಷಿನಲ್ಲಿ ಹೇಳ್ತೇನೆ. ನಾನು ನೋಡಿರುವುದಿಲ್ಲವಲ್ಲ. ಗಿಳಿಯಾ, ಮಗುವಾ, ಗೊತ್ತಾಗ್ತದೆ."

ಡಾಕ್ಟರಿಗೆ ಅದು ಹಿಡಿಸಿತು. ನನ್ನನ್ನು ಪರದೆಯ ಹಿಂದೆ ಕೂರಿಸಿದರು. ಮರದ ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಕೇಳಿತು.

"ಜೂಡಿ, ಒಳಗೆ ಎಂತ ಉಂಟು?"

ಅವಳು ಕುರ್ಚಿಯಲ್ಲಿ ಕಾಲು ಆಡಿಸುವ ಸದ್ದು. ಮತ್ತೆ ಅವಳ ಸಣ್ಣ ಸ್ವರ. "ಬಿಸಾಡ್ಬೇಡ."

ಅಯ್ಯೋ ನನ್ನ ಕರ್ಮವೇ! ಆಗಲೇ ನನಗೆ ಹೊಳೆದದ್ದು. ನಾನು ಆ ಮಗುವಿಗೆ ಕಲಿಸಿದ ಕನ್ನಡದಲ್ಲಿ ಒಂದು ವಸ್ತುವಿನ ಹೆಸರೂ ಇರಲಿಲ್ಲ. ಬರೇ ಬೈಗುಳ. ಚಮಚಕ್ಕೆ ಚಮಚ ಎಂದು ಯಾವಾಗ ಹೇಳಿದ್ದೆ? ಅವಳ ಲೆಕ್ಕದಲ್ಲಿ ಅದರ ಹೆಸರೇ "ಬಿಸಾಡ್ಬೇಡ". ಪೆಟ್ಟಿಗೆಯಲ್ಲಿ ಚಮಚವೇ ಇದೆಯೋ, ಕಲ್ಲಿದೆಯೋ, ಶೂ ಇದೆಯೋ, ನನಗೆ ಹೇಗೆ ಗೊತ್ತು? ಈ ಮಕ್ಕಳು ಬಿಸಾಡದೆ ಬಿಟ್ಟದ್ದು ಯಾವುದು? ಊಹಿಸಿ ಹೇಳಲಿಕ್ಕೆ ಧೈರ್ಯ ಬರಲಿಲ್ಲ. "ಎಸೆಯಬೇಡ ಎನ್ನುತ್ತಾಳೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಹೂಂ" ಎಂದರು ಡಾಕ್ಟರು. ಆ ಹೂಂ ನನಗೆ ಹಿಡಿಸಲಿಲ್ಲ.

ಇನ್ನೊಮ್ಮೆ ಮುಚ್ಚಳದ ಸದ್ದು. ನನ್ನ ಕೈ ಜಪಸರದ ಮಣಿ ಹುಡುಕುತ್ತಿತ್ತು. "ಜೂಡಿ, ಮಗಾ, ಸರಿ ನೋಡು. ಒಳಗೆ ಎಂತ ಉಂಟು?"

ಈ ಸಲ ಕಾಯಿಸಲಿಲ್ಲ. "ಎಂತ ಇಲ್ಲ ಮಾರಾಯ."

ಏನೂ ಇಲ್ಲವಾ? ಅಥವಾ ಅವಳಿಗೆ ಬೇಜಾರಾಗಿ, ಏನೂ ಹೇಳಲಿಕ್ಕಿಲ್ಲ ಹೋಗಿ ಎನ್ನುತ್ತಿದ್ದಾಳಾ? ನಾನು "ಏನೂ ಇಲ್ಲ" ಎಂದು ಹೇಳಿ ಪೆಟ್ಟಿಗೆಯಲ್ಲಿ ಏನಾದರೂ ಇದ್ದರೆ ಮುಗಿಯಿತು ಅವಳ ಕತೆ, ಆ ಬಾಗಿಲಿಗೆ ಹೊರಗಿನಿಂದ ಚಿಲಕ. ಚೆಂಡು ಎನ್ನಲಾ? ಬೊಂಬೆ ಎನ್ನಲಾ? ನಾಲಗೆಯ ತುದಿಯವರೆಗೆ ಬಂತು. ಆದರೆ ಆ ಮಗು ವರ್ಷಗಟ್ಟಲೆ ಮೌನವಾಗಿದ್ದು ಈಗ ಬಾಯಿ ಬಿಟ್ಟು ಒಂದು ಮಾತು ಹೇಳಿದೆ. ಅದನ್ನು ನಾನೇ ತಿರುಚಿದರೆ ಅವಳು ಮಾತಾಡಿ ಏನು ಉಪಯೋಗ?

"ಅದರಲ್ಲಿ ಏನೂ ಇಲ್ಲವಂತೆ" ಎಂದೆ. ಮಾರಾಯ ಎಂಬುದಕ್ಕೆ ಇಂಗ್ಲಿಷಿನಲ್ಲಿ ಶಬ್ದ ಹೊಳೆಯದೆ, ಅದರ ಮೂಲ ಹಿಡಿದು, "ಏನೂ ಇಲ್ಲ, ಓ ಮಹಾರಾಜ, ಎನ್ನುತ್ತಾಳೆ" ಎಂದು ಪೂರ್ತಿ ಮಾಡಿದೆ.

ಮತ್ತೆ ಡಾಕ್ಟರೇ ಬಂದು ಪರದೆ ಸರಿಸಿದರು. ಕೈಯಲ್ಲಿ ಪೆಟ್ಟಿಗೆ. ಅದನ್ನು ನನ್ನ ಮುಂದೆ ತಲೆಕೆಳಗು ಮಾಡಿ ಕುಟ್ಟಿದರು. ಒಂದು ಧೂಳು ಸಹ ಬೀಳಲಿಲ್ಲ. ಮೋಸಗಾರ, ನನ್ನನ್ನು ಹಿಡಿಯಲಿಕ್ಕೆಂದೇ ಖಾಲಿ ಪೆಟ್ಟಿಗೆ ಇಟ್ಟಿದ್ದ! ಅವರ ಪೈಪು ಆರಿಹೋಗಿತ್ತು.

"ಹಾಗಾದರೆ ಮೊದಲನೆಯದು? ಎಸೆಯಬೇಡ ಎಂದರೆ?" ಎಂದು ಮೆಲ್ಲಗೆ ಕೇಳಿದರು. ಮೊದಲು ಪೆಟ್ಟಿಗೆಯಿಂದ ತೆಗೆದಿಟ್ಟ ಚಮಚ ಮೇಜಿನ ಮೇಲೆ ಇತ್ತು. ಜೂಡಿ ಆಗಲೇ ಅದನ್ನು ಎತ್ತಿಕೊಂಡು ಗುರಿ ನೋಡುತ್ತಿದ್ದಳು.

"ಇವಳು ಚಮಚ ಎಸೆಯುತ್ತಾಳಾ?" ಎಂದು ಡಾಕ್ಟರು ಬಾಬ್ ಸರ್ ಅವರನ್ನು ಕೇಳಿದರು. ಬಾಬ್ ಸರ್ ಹುಬ್ಬಿನ ಮೇಲಿನ ಗುರುತು ಮುಟ್ಟಿಕೊಂಡು, "ಎಸೆಯುತ್ತಾಳೆ, ಓ ಮಹಾರಾಜ" ಎಂದರು. ಆ ಮನುಷ್ಯ ನಗದೆ ಹೇಳಿದ ಮೊದಲನೆಯ ಮಾತು ಅದು.

ಡಾಕ್ಟರರ ತೀರ್ಪು ಬಂತು. ಆಸ್ಪತ್ರೆ ಬೇಡ. ಮಗು ಸಾಧಾರಣ ಶಾಲೆಗೆ ಹೋಗಬಹುದು. ಆದರೆ ಮಗುವಿನ ಭಾಷೆ ಪರದೇಶದ್ದಾದ್ದರಿಂದ, ಹೊಸದಾಗಿ ಹಡಗಿನಲ್ಲಿ ಬಂದವರ ಮಕ್ಕಳ ಜೊತೆ ಕೂರಿಸಿ ಇಂಗ್ಲಿಷ್ ಕಲಿಸಬೇಕು. ಪೆನ್ಸಿಲ್ವೇನಿಯದಲ್ಲಿ ಹುಟ್ಟಿ, ಪೆನ್ಸಿಲ್ವೇನಿಯದಲ್ಲಿ ಬೆಳೆದ, ಕೆಂಪು ಕೂದಲಿನ ಹುಡುಗಿ! ಇಷ್ಟು ದೊಡ್ಡ ವಿದ್ವಾಂಸರಿಗೆ ಎದುರು ಹೇಳಲಿಕ್ಕೆ ನಾನು ಯಾರು? ಆಗಲಿ ಸರ್ ಎಂದೆ.

ಕಾರು ನಿಲ್ಲಿಸುವ ಜಾಗ

ಕೊನೆಯ ದಿನ ಮಕ್ಕಳ ತಂದೆತಾಯಿಗಳು ಬಂದರು. ಜೂಡಿಯ ತಾಯಿ ಎಲ್ಲರಿಗಿಂತ ಕೊನೆಗೆ, ಸದ್ದು ಮಾಡುವ ಒಂದು ಹಳೆಯ ಕಾರಿನಲ್ಲಿ. ಇನ್ನೂ ಸಣ್ಣ ಪ್ರಾಯದವಳು, ಹೋಟೆಲಿನಲ್ಲಿ ಬಡಿಸುವ ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ಅಂಥ ಸೆಕೆಯಲ್ಲಿ ಮಣಿಕಟ್ಟಿನವರೆಗೆ ತೋಳಿನ ಸ್ವೆಟರ್ ಬೇರೆ. ಯಾಕೆಂದು ನಾನು ಕೇಳಲಿಲ್ಲ. ನನ್ನ ಕೈಯಲ್ಲೂ ಹಲ್ಲಿನ ಗುರುತು ಇತ್ತು.

ಬಾಬ್ ಸರ್ ಅವಳಿಗೆ ಎಲ್ಲ ಹೇಳಿದ್ದರು. ಆದರೂ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಕಾರಿನ ಹತ್ತಿರವೇ ನಿಂತಳು. ಮಗಳು ನನ್ನ ಪಕ್ಕದಲ್ಲಿ. ನಡುವೆ ಖಾಲಿ ಜಾಗ. ನಮ್ಮೂರಿನಲ್ಲಾದರೆ ಇಷ್ಟು ಹೊತ್ತಿಗೆ ಯಾರಾದರೂ ಹಿಂದಿನಿಂದ ಮಗುವನ್ನು ದೂಡಿ, "ಹೋಗು, ತಾಯಿ ಅಲ್ಲವಾ" ಎಂದು ಮುಗಿಸುತ್ತಿದ್ದರು. ಇಲ್ಲಿ ಎಲ್ಲರೂ ದೂರ ನಿಂತು ಮರ್ಯಾದೆಯಿಂದ ನಗುತ್ತಿದ್ದರು. ನನಗೂ ಕೈ ಮುಂದೆ ಬರಲಿಲ್ಲ. ಆ ಹುಡುಗಿಯನ್ನು ಬಿಟ್ಟುಕೊಡಲಿಕ್ಕೆ ನನಗೆ ಮನಸ್ಸಿರಲಿಲ್ಲ, ಅಷ್ಟೇ ಸತ್ಯ.

ಜೂಡಿಯೇ ನಡೆದಳು. ತಾಯಿಯ ಮುಂದೆ ನಿಂತು ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ತಾಯಿ ತಿಳಿಯದೆಯೇ ಕೈ ಹಿಂದಕ್ಕೆ ಎಳೆದುಕೊಂಡಳು. ಜೂಡಿ ಆ ಸ್ವೆಟರಿನ ತುದಿಯನ್ನು ಹಿಡಿದು ಎಳೆದು, "ಹೋಗುವ" ಎಂದಳು.

ತಾಯಿ ಅಲ್ಲಿಂದಲೇ ನನ್ನನ್ನು ಕೇಳಿದಳು. "ಏನು ಹೇಳಿದಳು? ದಯವಿಟ್ಟು ಹೇಳಿ, ಏನು ಹೇಳಿದಳು?"

"ಹೋಗುವ ಮಾತು ಹೇಳುತ್ತಿದ್ದಾಳೆ."

"ನಾನು ಹೋಗುತ್ತೇನೆ ಎಂದಾ? ಅಥವಾ ನೀನು ಹೋಗು ಎಂದಾ?" ಇದುವರೆಗೆ ಅವಳ ಮನೆಯಲ್ಲಿ ಆ ಎರಡೇ ಮಾತು ಕೇಳಿಸಿದ್ದಿರಬೇಕು.

"ಎರಡೂ ಅಲ್ಲಮ್ಮ" ಎಂದೆ. "ಆ ಶಬ್ದದಲ್ಲಿ ಒಬ್ಬರೇ ಹೋಗಲಿಕ್ಕೆ ಆಗುವುದಿಲ್ಲ. ಹೇಳುವವರೂ ಕೇಳುವವರೂ ಜೊತೆಗೆ ಹೋಗಬೇಕು."

ತಾಯಿ ಮೊಣಕಾಲೂರಿ ಮಗಳ ಮುಖದ ಹತ್ತಿರ ಮುಖ ತಂದು, "ಹೊಗೂವಾ" ಎಂದಳು.

ಜೂಡಿ ಹುಬ್ಬು ಗಂಟು ಹಾಕಿದಳು. "ಹೋ-ಗು-ವ" ಎಂದು ತಿದ್ದಿದಳು.

ತಾಯಿ ಇನ್ನೊಮ್ಮೆ ಹೇಳಿದಳು. ಈ ಸಲ ಸರಿ ಬಂತು. ಇಬ್ಬರೂ ಹೋದರು.